ಅಂಗಡಿಯ ಓಕ್ ಹಲಗೆಯಿಂದ ಬಿಲ್ಲು: ಎರಡನೆಯ ಪ್ರಯತ್ನದ ದಾಖಲೆ

ಮೊದಲ ಬಿಲ್ಲಿನ ಮುರಿದ ತೋಳನ್ನು ನಾನು ಎಸೆದಿಲ್ಲ. ಕೆಲಸದ ಮೇಜಿನ ಎದುರಿನ ಗೋಡೆಗೆ ಮೊಳೆ ಹೊಡೆದು ಅದನ್ನು ತೂಗುಹಾಕಿದ್ದೇನೆ. ಕಳೆದ ಡಿಸೆಂಬರಿನಲ್ಲಿ, ಮಿಷಿಗನ್‌ನ ನಮ್ಮ ಮನೆಯ ನೆಲಮಾಳಿಗೆಯಲ್ಲಿ ಹೆದೆಯನ್ನು 24 ಇಂಚಿನವರೆಗೆ ಎಳೆದಾಗ, ಒಣಬಿದಿರನ್ನು ಸೀಳಿದಂಥ ಸದ್ದಿನೊಡನೆ ಅದು ಎರಡಾಯಿತು. ಮುರಿದ ಬಾಯಿ ಅಡ್ಡಡ್ಡಲಾಗಿರಲಿಲ್ಲ. ಸುಮಾರು 7 ಇಂಚು ಉದ್ದಕ್ಕೆ ಓರೆಯಾಗಿ ಸೀಳಿಕೊಂಡು ಹೋಗಿ ಹಲಗೆಯ ಅಂಚಿನಲ್ಲಿ ಮೊನೆಯಾಗಿ ಮುಗಿದಿತ್ತು. ಭೂತಗನ್ನಡಿ ಹಿಡಿದು ನೋಡಿದಾಗ, ಆ ಸೀಳು ಮರದ ಎಳೆಯನ್ನು ಚಾಚೂ ತಪ್ಪದೆ ಅನುಸರಿಸಿರುವುದು ಕಂಡಿತು. ಅರ ಜಾರಿದ್ದರಿಂದಲೋ ಗೋಂದು ಬಿಟ್ಟಿದ್ದರಿಂದಲೋ ಮುರಿದದ್ದಲ್ಲ ಅದು. ನಾನು ಆ ಹಲಗೆಯನ್ನು ಅಂಗಡಿಯಲ್ಲಿ ಕೈಗೆತ್ತಿಕೊಂಡ ಗಳಿಗೆಯಲ್ಲೇ ಅದರ ಮುರಿತ ನಿಶ್ಚಯವಾಗಿತ್ತು. ಎರಡನೆಯ ಬಿಲ್ಲಿನ ಈ ದಾಖಲೆಯಲ್ಲಿ ಹಲಗೆ ಆರಿಸುವ ಮಾತಿಗೆ ಇಷ್ಟೊಂದು ಜಾಗ ಕೊಟ್ಟಿರುವುದು ಅದಕ್ಕಾಗಿಯೇ.

ಬಿಲ್ಲಿಗೆ ಹೆಸರಾದ ಮರಗಳು ಬೇರೆಯೇ ಇವೆ. ಯೂರೋಪಿನವರಿಗೆ ಯೂ ಮರ. ಇಲ್ಲಿಯ ಮೂಲನಿವಾಸಿಗಳಿಗೆ ಹಿಕರಿ, ಆ್ಯಶ್, ಮತ್ತು ಫ್ರೆಂಚರು ಬ್ವಾ ದಾರ್ಕ್, ಅಂದರೆ ಬಿಲ್ಲಿನ ಮರ ಎಂದೇ ಹೆಸರಿಟ್ಟ ಓಸೇಜ್ ಆರೆಂಜ್. ಇವುಗಳ ಒಳ್ಳೆಯ ಸೀಳು ದಿಮ್ಮಿಗೆ ಹಣವೂ ಬೇಕು, ಅದನ್ನು ವರ್ಷಗಟ್ಟಲೆ ಒಣಗಿಸುವ ವ್ಯವಧಾನವೂ ಬೇಕು. ಆದರೆ ಮನೆ ಕಟ್ಟುವ ಸಾಮಾನಿನ ದೊಡ್ಡ ಅಂಗಡಿಗೆ ಹೋದರೆ ಕೆಂಪು ಓಕ್‌ನ ಆರಡಿ ಹಲಗೆ ಸುಮಾರು 15 ಡಾಲರಿಗೆ ಸಿಗುತ್ತದೆ. ಒಂದು ಇಂಚು ದಪ್ಪ, ಎರಡು ಇಂಚು ಅಗಲ ಎಂಬ ಹೆಸರಿನಲ್ಲಿ ಮಾರುವ ಹಲಗೆಯನ್ನು ಒಣಗಿಸಿ ಹತ್ತರಿ ಹೊಡೆದ ಮೇಲೆ ಉಳಿಯುವುದು ಮುಕ್ಕಾಲು ಇಂಚು ದಪ್ಪ, ಒಂದೂವರೆ ಇಂಚು ಅಗಲ ಮಾತ್ರ. ಒಂದು ಬಿಲ್ಲಿಗೆ ಅಷ್ಟು ಸಾಕು.

ಫೆಬ್ರವರಿಯ ಒಂದು ಶನಿವಾರ ಎರಡು ಅಂಗಡಿಗಳಲ್ಲಿ ಸೇರಿ 40ಕ್ಕೂ ಹೆಚ್ಚು ಹಲಗೆಗಳನ್ನು ಎಳೆದು ನೋಡಿದೆ. ನೋಡಬೇಕಾದುದು ಎಳೆಯ ಓಟವನ್ನು. ಮರದ ವಾರ್ಷಿಕ ಉಂಗುರಗಳು ಹಲಗೆಯ ಮುಖದ ಮೇಲೆ ಉದ್ದನೆಯ ಗೆರೆಗಳಾಗಿ ಕಾಣುತ್ತವೆ. ಆ ಗೆರೆ ಒಂದು ತುದಿಯಿಂದ ಹೊರಟು ಅಂಚಿಗೆ ಸಮಾನಾಂತರವಾಗಿ ಓಡಿ ಇನ್ನೊಂದು ತುದಿಯಲ್ಲೇ ಮುಗಿಯಬೇಕು. ನಡುವೆ ಎಲ್ಲಿಯೂ ಅಂಚಿನಿಂದ ಹೊರಬೀಳಕೂಡದು. ಗುಡಿಯ ಗೋಪುರದಂತೆ ಒಂದರೊಳಗೊಂದು ಏರುತ್ತ ಹೋಗುವ ಗೆರೆಗಳಿರುವ ಹಲಗೆ ಬಾಗಿಲಿಗೆ ಚೆಂದವೇ ಹೊರತು ಬಿಲ್ಲಿಗೆ ಸಲ್ಲದು. ಮುಖವೊಂದನ್ನೇ ನೋಡಿ ತೃಪ್ತಿಪಡುವುದು ನನ್ನ ಮೊದಲ ತಪ್ಪಾಗಿತ್ತು. ಆ ಹಲಗೆಯ ಅಗಲದ ಮುಖದಲ್ಲಿ ಗೆರೆಗಳು ನೇರವಾಗಿದ್ದವು, ಆದರೆ ಮುಕ್ಕಾಲು ಇಂಚಿನ ಪಕ್ಕದ ಮೈಯಲ್ಲಿ ಅವು ಮೆಲ್ಲಗೆ ಇಳಿಜಾರಾಗಿ, ಉದ್ದದ ಮೂರನೆಯ ಒಂದು ಭಾಗದ ಹತ್ತಿರ ಹೊರಮೈಯನ್ನು ದಾಟಿ ಹೋಗಿದ್ದವು. ಬಿಲ್ಲು ಬಾಗಿದಾಗ ಗುರಿಯ ಕಡೆಗಿರುವ ಹೊರಮೈ ಹಿಗ್ಗುತ್ತದೆ, ಬಿಲ್ಲುಗಾರನ ಕಡೆಗಿರುವ ಒಳಮೈ ಕುಗ್ಗುತ್ತದೆ. ಹಿಗ್ಗುವ ಹೊರಮೈಯಲ್ಲಿ ಎಳೆ ತುಂಡಾಗಿ ಬಾಯಿ ತೆರೆದುಕೊಂಡಿದ್ದರೆ ಸಿಬಿರು ಏಳುವುದು ಅಲ್ಲಿಯೇ. ಮುರಿತ ಶುರುವಾಗುವುದೂ ಅಲ್ಲಿಯೇ.

ಕೆಂಪು ಓಕ್‌ನಲ್ಲಿ ಇದನ್ನು ಓದಲು ಇನ್ನೊಂದು ಗುರುತಿದೆ. ವಸಂತದಲ್ಲಿ ಬೆಳೆದ ಭಾಗದ ರಂಧ್ರಗಳು ಈ ಮರದಲ್ಲಿ ಎಷ್ಟು ದೊಡ್ಡವೆಂದರೆ, ಹಲಗೆಯ ಮುಖದ ಮೇಲೆ ಅವು ಚೂಪಾದ ಪೆನ್ಸಿಲಿನಿಂದ ಎಳೆದ ಸಣ್ಣ ಸಣ್ಣ ಗೀರುಗಳಂತೆ ಬರಿಗಣ್ಣಿಗೇ ಕಾಣುತ್ತವೆ. ಉಂಗುರದ ಗೆರೆ ಒಮ್ಮೊಮ್ಮೆ ಕಣ್ಣಿಗೆ ಮೋಸ ಮಾಡಬಹುದು, ಆದರೆ ನಾರು ನಿಜವಾಗಿ ಯಾವ ದಿಕ್ಕಿಗೆ ಓಡುತ್ತಿದೆ ಎಂಬುದನ್ನು ಈ ಗೀರುಗಳು ಹೇಳುತ್ತವೆ. ಆ ರಂಧ್ರಗಳು ನಳಿಕೆಗಳಂತೆ ತೆರೆದೇ ಇರುತ್ತವೆ: ಕೆಂಪು ಓಕ್‌ನ ಒಂದು ಚಿಕ್ಕ ತುಂಡಿನ ಒಂದು ತುದಿಯನ್ನು ಸಾಬೂನು ನೀರಿಗೆ ಮುಟ್ಟಿಸಿ ಇನ್ನೊಂದು ತುದಿಯಿಂದ ಊದಿದರೆ ಗುಳ್ಳೆ ಏಳುತ್ತದೆ. ಬಿಳಿ ಓಕ್‌ನಲ್ಲಿ ಈ ನಳಿಕೆಗಳು ಮುಚ್ಚಿಕೊಂಡಿರುತ್ತವೆ. ಪಾನೀಯ ತುಂಬುವ ಪೀಪಾಯಿಗಳಿಗೆ ಅದನ್ನು ಬಳಸುವ ಕಾರಣಗಳಲ್ಲಿ ಇದೂ ಒಂದು.

ಕೊನೆಗೆ ಆಯ್ದ ಹಲಗೆ ನೋಡಲು ಸಾಧಾರಣವಾಗಿತ್ತು, ಒಂದು ಕಡೆ ಬೂದುಬಣ್ಣದ ಕಲೆಯೂ ಇತ್ತು. ಆದರೆ ಎರಡು ಅಗಲದ ಮುಖಗಳಲ್ಲಿಯೂ ಎರಡು ಪಕ್ಕಗಳಲ್ಲಿಯೂ ಗೆರೆಗಳು ದಾರ ಹಿಡಿದು ಎಳೆದಂತೆ ನೇರವಾಗಿದ್ದವು, ಗಂಟು ಒಂದೂ ಇರಲಿಲ್ಲ, ಅದೇ ಅಳತೆಯ ಇತರ ಹಲಗೆಗಳಿಗಿಂತ ಕೈಗೆ ಭಾರವಾಗಿಯೂ ಇತ್ತು. ತುದಿಯ ಕೊಯ್ತದಲ್ಲಿ ಉಂಗುರಗಳು ಓರೆಯಾಗಿದ್ದವು. ಉಂಗುರ ಮಲಗಿರಲಿ, ನಿಂತಿರಲಿ, ಓರೆಯಾಗಿರಲಿ, ಉದ್ದಕ್ಕೆ ನೇರವಾಗಿದ್ದರೆ ಬಿಲ್ಲಿಗೆ ಅಡ್ಡಿಯಿಲ್ಲ.

ಇದನ್ನು ಮನೆಗೆ ತಂದ ಮೇಲೆ ಎರಡು ವಾರ ಮುಟ್ಟಲಿಲ್ಲ. ಚಳಿಗಾಲದಲ್ಲಿ ಇಲ್ಲಿಯ ಮನೆಗಳ ಬಿಸಿಗಾಳಿ ಮರವನ್ನು ಹಿಂಡಿಬಿಡುತ್ತದೆ. ನೆಲಮಾಳಿಗೆಯ ತೇವಮಾಪಕ ಶೇ. 28 ತೋರಿಸುತ್ತಿತ್ತು, ಅಂಥ ಗಾಳಿಯಲ್ಲಿ ಮರದ ತೇವಾಂಶ ಶೇ. 6ಕ್ಕಿಂತಲೂ ಕೆಳಗಿಳಿಯುತ್ತದೆ, ಮರ ಗಡುಸಾಗುತ್ತದೆ, ಆದರೆ ಒಡಕೂ ಆಗುತ್ತದೆ. ಬಿಲ್ಲಿಗೆ ಶೇ. 8ರಿಂದ 10 ಒಳ್ಳೆಯದು, ಅದಕ್ಕೆ ಸುತ್ತಲಿನ ಗಾಳಿಯ ತೇವ ಶೇ. 50ರ ಆಸುಪಾಸಿನಲ್ಲಿರಬೇಕು. ಮಗಳ ಕೋಣೆಯಲ್ಲಿ ಗಾಳಿಗೆ ತೇವ ಕೂಡಿಸುವ ಯಂತ್ರ ಇರುವುದರಿಂದ ಹಲಗೆಯನ್ನು ಅವಳ ಪುಸ್ತಕದ ಕಪಾಟಿನ ಮೇಲೆ ಮಲಗಿಸಿ, ದಿನಾ ಸಂಜೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಟ್ಟೆ. ಮೊದಲ ದಿನ 896 ಗ್ರಾಂ ಇದ್ದದ್ದು ಮೆಲ್ಲನೆ ಏರಿ 915ರಲ್ಲಿ ನಿಂತಿತು. ಮೂರು ದಿನ ಅಂಕಿ ಕದಲದಿದ್ದಾಗ ಕೆಲಸ ಆರಂಭಿಸಿದೆ. ಮೊದಲ ಬಾರಿ ಈ ಹೆಜ್ಜೆಯನ್ನು ನಾನು ಪೂರ್ತಿ ಬಿಟ್ಟಿದ್ದೆ.

ಆಕಾರದ ಬಗ್ಗೆ ಒಂದು ಮಾತು ಹೇಳಬೇಕು. ಇಂಗ್ಲಿಷರ ಉದ್ದಬಿಲ್ಲು ಅಗಲ ಕಡಿಮೆ, ದಪ್ಪ ಹೆಚ್ಚು, ಒಳಮೈ ಗುಂಡಗೆ. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಲಾದ ಮೇರಿ ರೋಸ್ ಹಡಗಿನಲ್ಲಿ ಅಂಥ ನೂರಕ್ಕೂ ಹೆಚ್ಚು ಬಿಲ್ಲುಗಳು ಸಿಕ್ಕಿವೆ, ಅವುಗಳ ಚಿತ್ರ ನೋಡಿದವರಿಗೆಲ್ಲ ಅದೇ ಮಾಟ ಮಾಡುವ ಆಸೆ ಹುಟ್ಟುತ್ತದೆ. ಆದರೆ ಅದು ಯೂ ಮರಕ್ಕೆ ಒಪ್ಪುವ ಆಕಾರ: ಹಿಗ್ಗನ್ನು ತಾಳುವ ಬಿಳಿಮರ ಹೊರಗೂ ಒತ್ತನ್ನು ತಾಳುವ ಕೆಂಪುಮರ ಒಳಗೂ ಹುಟ್ಟಿನಿಂದಲೇ ಜೋಡಿಸಿಕೊಂಡು ಬಂದ ಮರ ಅದು. ಓಕ್‌ಗೆ ಆ ಭಾಗ್ಯವಿಲ್ಲ. ಅದಕ್ಕೆ ತಕ್ಕದ್ದು ಡೆನ್ಮಾರ್ಕಿನ ಹೋಲ್ಮೆಗಾರ್ಡ್ ಜೌಗಿನಲ್ಲಿ 1944ರಲ್ಲಿ ಸಿಕ್ಕ, ಸುಮಾರು 9000 ವರ್ಷ ಹಳೆಯ ಎಲ್ಮ್ ಬಿಲ್ಲುಗಳ ದಾರಿ. ತೋಳು ಅಗಲವಾಗಿ, ಚಪ್ಪಟೆಯಾಗಿದ್ದರೆ ಒತ್ತಡ ಹೆಚ್ಚು ಮರಕ್ಕೆ ಹಂಚಿಹೋಗುತ್ತದೆ.

ಹಾಗಾಗಿ ಹಲಗೆಯ ಪೂರ್ತಿ ಅಗಲವನ್ನು ಉಳಿಸಿಕೊಂಡೆ. ಎರಡೂ ತುದಿಗಳಿಂದ 2 ಇಂಚು ಕೊಯ್ದು ತೆಗೆದಾಗ ಉದ್ದ 68 ಇಂಚಾಯಿತು. ನಟ್ಟನಡುವೆ 4 ಇಂಚು ಹಿಡಿ, ಅದರ ಎರಡೂ ಕಡೆ ಹಿಡಿಯ ದಪ್ಪ ತೋಳಿಗೆ ಇಳಿಯುವ 2 ಇಂಚಿನ ಇಳಿಜಾರು, ಅಲ್ಲಿಂದ ಮುಂದೆ 30 ಇಂಚಿನ ಒಂದೊಂದು ತೋಳು. ತೋಳಿನ ಅರ್ಧದವರೆಗೆ ಅಗಲ ಒಂದೂವರೆ ಇಂಚು, ಆಮೇಲೆ ನೇರ ಗೆರೆಯಲ್ಲಿ ಕಿರಿದಾಗುತ್ತ ತುದಿಯಲ್ಲಿ ಅರ್ಧ ಇಂಚು. ನಡುಗೆರೆಯನ್ನು ಅಡಿಪಟ್ಟಿ ಇಟ್ಟು ಎಳೆಯದೆ, ತುದಿಯಿಂದ ತುದಿಗೆ ಬಿಗಿಯಾಗಿ ದಾರ ಹಿಡಿದು ಅದರ ಕೆಳಗೆ ಚುಕ್ಕೆ ಇಡುತ್ತ ಹೋದೆ. ಆರಡಿಯ ಉದ್ದಕ್ಕೆ ದಾರದಷ್ಟು ನಂಬಿಕಸ್ಥ ಅಳತೆ ಇನ್ನೊಂದಿಲ್ಲ.

ಹಿಡಿಗೆ ಮುಕ್ಕಾಲು ಇಂಚು ಸಾಲದು. ಮೊದಲ ಹಲಗೆಯಿಂದ ಉಳಿದಿದ್ದ 8 ಇಂಚಿನ ತುಂಡನ್ನು ಒಳಮೈಗೆ ಅಂಟಿಸಿದೆ. ಎರಡೂ ಮೈಗಳಿಗೆ ಹತ್ತರಿ ಹೊಡೆದು, ಬೆಳಕಿಗೆ ಹಿಡಿದರೆ ಸಂದು ಕಾಣದಂತೆ ಕೂಡಿಸಿ, ಮರದ ಹಳದಿ ಗೋಂದು ಹಚ್ಚಿ, ಐದು ಕ್ಲಾಂಪುಗಳಲ್ಲಿ ಬಿಗಿದು ಒಂದು ಹಗಲು ಒಂದು ರಾತ್ರಿ ಬಿಟ್ಟೆ. ಈ ತುಂಡು ಕಿತ್ತುಬರುವುದು ಹಲಗೆ ಬಿಲ್ಲುಗಳ ಸಾಮಾನ್ಯ ರೋಗ. ಗೋಂದು ಕೆಟ್ಟದ್ದೆಂದು ಜನ ದೂರುತ್ತಾರೆ, ಆದರೆ ಬಹುಪಾಲು ಸಲ ಕಾರಣ ಹಿಡಿಯ ಭಾಗವೂ ಬಾಗುತ್ತಿರುವುದು. ಬಾಗು ಶುರುವಾಗಬೇಕಾದದ್ದು ಇಳಿಜಾರಿನ ಕೊನೆ ದಾಟಿದ ಮೇಲೆಯೇ.

ಹೊರಮೈಗೆ ಬಟ್ಟೆ ಅಂಟಿಸುವುದು ಕಡ್ಡಾಯವಲ್ಲ. ಕೆಟ್ಟ ಎಳೆಯ ಹಲಗೆಯನ್ನು ಯಾವ ಬಟ್ಟೆಯೂ ಕಾಪಾಡದು. ಏಳಬಹುದಾದ ಸಿಬಿರನ್ನು ಅದುಮಿ ಹಿಡಿಯುವುದಷ್ಟೇ ಅದರ ಕೆಲಸ. ನಾರಗಸೆ (ಲಿನನ್) ಬಟ್ಟೆ, ತೊಗಲು, ರೇಷ್ಮೆ ಎಲ್ಲವೂ ಇದಕ್ಕೆ ಬಳಕೆಯಲ್ಲಿವೆ. ಊರಿನಲ್ಲಿ ಯಾವುದೋ ಸಮಾರಂಭದಲ್ಲಿ ನನ್ನ ತಂದೆಗೆ ಹೊದಿಸಿದ್ದ ರೇಷ್ಮೆ ಶಲ್ಯವೊಂದು ಮಡಿಕೆಯ ಜಾಗದಲ್ಲಿ ಹರಿದು ನಮ್ಮ ಪೆಟ್ಟಿಗೆಯಲ್ಲಿ ಉಳಿದಿತ್ತು. ಫೋನಿನಲ್ಲಿ ಅವರನ್ನು ಕೇಳಿಯೇ ಅದರ ಹರಿಯದ ಭಾಗದಿಂದ, ಜರಿಯ ಅಂಚನ್ನು ಬಿಟ್ಟು, ಉದ್ದಕ್ಕೆ ಎರಡು ಪಟ್ಟಿ ಕತ್ತರಿಸಿದೆ. ಬಟ್ಟೆಯ ಹಾಸುನೂಲು ಬಿಲ್ಲಿನ ಉದ್ದಕ್ಕೆ ಬರಬೇಕು. ಹಲಗೆಯ ಚೂಪು ಅಂಚುಗಳನ್ನು ಮೊದಲೇ ಗುಂಡಗೆ ಮಾಡಿಕೊಂಡು, ಗೋಂದು ಹಚ್ಚಿ ಪಟ್ಟಿಯನ್ನು ಮಲಗಿಸಿ, ಮೇಲಿನಿಂದ ಮತ್ತೆ ಗೋಂದು ಸುರಿದು ಬೆರಳಿನಿಂದ ನಡುವಿನಿಂದ ತುದಿಗೆ ನೀವುತ್ತ ಹೋದರೆ ಕೆಳಗೆ ಸಿಕ್ಕಿಕೊಂಡ ಗಾಳಿ ಹೊರಟುಹೋಗುತ್ತದೆ. ಒದ್ದೆಯಿದ್ದಾಗ ಹಾಲಿನಂತೆ ಬೆಳ್ಳಗಿದ್ದ ಮೈ ಬೆಳಗಾಗುವಷ್ಟರಲ್ಲಿ ತಿಳಿಯಾಗಿ, ಕುಂಕುಮಗೆಂಪಿನ ರೇಷ್ಮೆಯ ನೇಯ್ಗೆ ಎಳೆ ಎಳೆಯಾಗಿ ಕಾಣಿಸಿತು.

ಇನ್ನು ಉಳಿದದ್ದು ಬಾಗು ಹದಗೊಳಿಸುವುದು. ಎಲ್ಲಕ್ಕಿಂತ ಹೆಚ್ಚು ದಿನ ಹಿಡಿದದ್ದೂ ಇದೇ. ತೋಳಿನ ಬಿಗಿ ಅಗಲಕ್ಕೆ ನೇರ ಅನುಪಾತದಲ್ಲಿರುತ್ತದೆ, ಆದರೆ ದಪ್ಪಕ್ಕೆ ಘನದ ಲೆಕ್ಕದಲ್ಲಿ. ಅಗಲವನ್ನು ಹತ್ತರಲ್ಲೊಂದು ಪಾಲು ಕಡಿಮೆ ಮಾಡಿದರೆ ಬಿಗಿ ಶೇ. 10 ಕುಗ್ಗುತ್ತದೆ, ದಪ್ಪವನ್ನು ಅಷ್ಟೇ ಕಡಿಮೆ ಮಾಡಿದರೆ ಶೇ. 27 ಕುಗ್ಗುತ್ತದೆ. ಅರ್ಧ ಇಂಚಿನ ತೋಳಿನಲ್ಲಿ ಹತ್ತರಲ್ಲೊಂದು ಎಂದರೆ ಇಂಚಿನ ಇಪ್ಪತ್ತನೆಯ ಒಂದು ಭಾಗ, ಒರಟು ಅರದ ಕೆಲವೇ ಎಳೆತ. ಈ ಲೆಕ್ಕ ಮನಸ್ಸಿನಲ್ಲಿ ಕೂತ ಮೇಲೆ ಕೈ ತಾನಾಗಿ ನಿಧಾನವಾಗುತ್ತದೆ. ಮೊದಲು ಹತ್ತರಿಯಿಂದ ಒಳಮೈಯನ್ನು ಇಳಿಜಾರಿನ ಬುಡದಲ್ಲಿ 5/8 ಇಂಚಿಗೆ, ತುದಿಯಲ್ಲಿ ಅರ್ಧ ಇಂಚಿಗೆ ತಂದು ನಿಲ್ಲಿಸಿದೆ. ಹೊರಮೈಯನ್ನು ಮುಟ್ಟುವಂತಿಲ್ಲ, ತೆಗೆಯುವ ಮರವೆಲ್ಲ ಒಳಮೈಯಿಂದಲೇ.

ತುದಿಯನ್ನು ನೆಲಕ್ಕೆ ಒತ್ತಿ ತುಸು ಬಾಗುತ್ತದೆಂದು ಖಚಿತವಾದ ಮೇಲೆ, ತುದಿಗಳಲ್ಲಿ ಹೆದೆ ಕೂರುವ ಕಚ್ಚು ಮಾಡಿದೆ. ಹಳಗನ್ನಡದಲ್ಲಿ ಬಿಲ್ಲಿನ ಈ ತುದಿಗೆ ಕೊಪ್ಪು ಎಂಬ ಚೆಂದದ ಹೆಸರಿದೆ. ಗುಂಡು ಅರದಿಂದ ಎರಡೂ ಪಕ್ಕಗಳಲ್ಲಿ ಓರೆಯಾಗಿ ಕೊರೆದೆ, ಹೊರಮೈಯ ಅಡ್ಡಕ್ಕೆ ಮಾತ್ರ ಕೊರೆಯಲಿಲ್ಲ, ಏಕೆಂದರೆ ಅಲ್ಲಿ ಎಳೆ ತುಂಡಾದರೆ ತುದಿ ಸೀಳುತ್ತದೆ. ಹೆದೆ 14 ಎಳೆ ಡೇಕ್ರಾನ್ ಎಂಬ ಪಾಲಿಯೆಸ್ಟರ್ ನೂಲಿನದು. ಈಗಿನ ಬಿಲ್ಲುಗಳಿಗೆ ಬಳಸುವ ಹಿಗ್ಗದ ನೂಲು ಇಂಥ ಮರದ ತುದಿಗಳಿಗೆ ಪೆಟ್ಟು ಕೊಡುತ್ತದೆ, ಡೇಕ್ರಾನ್ ತುಸು ಹಿಗ್ಗಿ ಆ ಪೆಟ್ಟನ್ನು ನುಂಗುತ್ತದೆ.

ಗೋಡೆಯ ಕಂಬಕ್ಕೆ ಒಂದು ದಪ್ಪ ಪಟ್ಟಿ ಬಿಗಿದು, ಅದರ ತಲೆಯ ಮೇಲೆ ಬಿಲ್ಲಿನ ಹಿಡಿಯನ್ನು ಕೂರಿಸಿ, ಹೆದೆಗೆ ಹಗ್ಗ ಕಟ್ಟಿ, ಹಗ್ಗವನ್ನು ನೆಲದ ಹತ್ತಿರದ ರಾಟೆಯ ಮೂಲಕ ಹಾಯಿಸಿದರೆ ಹತ್ತಡಿ ದೂರ ನಿಂತು ಎಳೆಯಬಹುದು. ಮುರಿದರೆ ಮೈಮೇಲೆ ಬರುವುದಿಲ್ಲ, ಪೂರ್ತಿ ಬಾಗು ಕಣ್ಣಿಗೆ ಒಟ್ಟಿಗೆ ಕಾಣುತ್ತದೆ. ಹಗ್ಗಕ್ಕೂ ಹೆದೆಗೂ ನಡುವೆ ಊರಿಗೆ ಹೊರಡುವಾಗ ಪೆಟ್ಟಿಗೆ ತೂಗುವ ಕೊಕ್ಕೆಯ ತಕ್ಕಡಿಯನ್ನು ಸಿಕ್ಕಿಸಿದೆ. ನನ್ನ ಗುರಿ 27 ಇಂಚು ಎಳೆದಾಗ 40 ಪೌಂಡು, ಅಂದರೆ ಸುಮಾರು 18 ಕಿಲೊ ಎಳೆತದ ತೂಕ. ಇಲ್ಲಿ ಮೀರಬಾರದ ನಿಯಮವೊಂದಿದೆ: ಬಿಲ್ಲು ಯಾವ ಹಂತದಲ್ಲಿರಲಿ, ಗುರಿಯಿಟ್ಟ ಎಳೆತದ ತೂಕಕ್ಕಿಂತ ಹೆಚ್ಚು ಎಂದಿಗೂ ಎಳೆಯಬಾರದು, ಬಾಗು ಸರಿಯಿಲ್ಲವೆಂದು ಕಂಡ ಮೇಲೆ ಒಂದು ಇಂಚೂ ಮುಂದೆ ಎಳೆಯಬಾರದು. ಪ್ರತಿ ಸಲ ಮರ ತೆಗೆದ ಮೇಲೆ 20–30 ಬಾರಿ ಮೆಲ್ಲನೆ ಎಳೆದು ಬಿಡಬೇಕು; ತೆಗೆದ ಮರದ ಪರಿಣಾಮ ಬಾಗಿನಲ್ಲಿ ತೋರುವುದು ಅದಾದ ಮೇಲೆಯೇ.

ಬಿಗಿಯಿರುವ ಜಾಗವನ್ನು ಹುಡುಕಲು ಒಂದು ಸರಳ ಸಾಧನ ಮಾಡಿಕೊಂಡೆ. 5 ಇಂಚು ಉದ್ದದ ಚಪ್ಪಟೆ ಮರದ ತುಂಡಿನ ನಡುವೆ ತೂತು ಕೊರೆದು, ಪೆನ್ಸಿಲಿನ ಮೊನೆ ತಳದಿಂದ ಸ್ವಲ್ಪವೇ ಹೊರಗೆ ಚಾಚುವಂತೆ ಸಿಕ್ಕಿಸಬೇಕು. ಬಾಗಿದ ತೋಳಿನ ಒಳಮೈ ಬಟ್ಟಲಿನಂತೆ ತಗ್ಗಾಗಿರುತ್ತದೆ. ಅದರ ಮೇಲೆ ಈ ತುಂಡನ್ನು ಜಾರಿಸಿದರೆ ಚೆನ್ನಾಗಿ ಬಾಗಿದಲ್ಲಿ ಮೊನೆ ಮರವನ್ನು ಮುಟ್ಟುವುದಿಲ್ಲ, ಬಾಗದೆ ಚಪ್ಪಟೆಯಾಗಿ ಉಳಿದಲ್ಲಿ ಮಾತ್ರ ಗೆರೆ ಬೀಳುತ್ತದೆ. ಗೆರೆ ಬಿದ್ದಲ್ಲಿ ಅರ ಆಡಿಸುವುದು, ಬೀಳದಲ್ಲಿ ಕೈ ಹಚ್ಚದಿರುವುದು. ಕಣ್ಣಿನ ಅಂದಾಜಿಗಿಂತ ಈ ಪೆನ್ಸಿಲಿನ ಗೆರೆಯನ್ನು ನಾನು ಹೆಚ್ಚು ನಂಬುತ್ತೇನೆ.

ಹಾಗಿದ್ದೂ ಒಂದು ಸಂಜೆ ಎಡವಿದೆ. ಮೇಲಿನ ತೋಳಿನಲ್ಲಿ, ಇಳಿಜಾರಿನಿಂದ 9 ಇಂಚು ದೂರದಲ್ಲಿ, ಗೆರೆ ಅಳಿಸಿದ ಮೇಲೂ ನಾಲ್ಕೈದು ಎಳೆತ ಹೆಚ್ಚಿಗೆ ಅರ ಹಾಕಿದ್ದೆ. ಹಗ್ಗ ಎಳೆಯುತ್ತಿದ್ದಾಗ ಫೋಟೊ ತೆಗೆಯಲು ನಿಂತಿದ್ದ ಮಗಳು, “ಅಪ್ಪಾ, ಎಡಗಡೆ ಒಂದೇ ಜಾಗದಲ್ಲಿ ಮಡಚಿಕೊಳ್ತಿದೆ, ಎಳೀಬೇಡ” ಎಂದಳು. ಹಗ್ಗ ಬಿಟ್ಟು ಚಿತ್ರ ನೋಡಿದರೆ ಹೌದು, ಕಮಾನಿನಂತೆ ಹರಿದುಬರಬೇಕಾದ ಬಾಗು ಅಲ್ಲಿ ಮೊಣಕೈಯಂತೆ ಮುರಿದಿತ್ತು. ಇಂಥ ಜಾಗ ಹಾಗೆಯೇ ಉಳಿದರೆ ಎಲ್ಲ ಒತ್ತಡವೂ ಅಲ್ಲಿಗೇ ಬಂದು, ಒಳಮೈಯಲ್ಲಿ ಅಡ್ಡಡ್ಡ ನೆರಿಗೆಯಂಥ ಸಣ್ಣ ಬಿರುಕುಗಳು ಮೂಡುತ್ತವೆ. ತೆಗೆದ ಮರವನ್ನು ಮತ್ತೆ ಕೂಡಿಸಲಾಗದು. ಉಳಿಯುವ ಮದ್ದು ಒಂದೇ, ಸೋತ ಆ ಮೂರು ಇಂಚಿನ ಜಾಗವನ್ನು ಬಿಟ್ಟು ಆ ತೋಳಿನ ಉಳಿದ ಭಾಗವನ್ನೆಲ್ಲ ಅದರ ಮಟ್ಟಕ್ಕೆ ಇಳಿಸುವುದು, ಆಮೇಲೆ ಕೆಳಗಿನ ತೋಳನ್ನೂ ಅದಕ್ಕೆ ಸರಿಹೊಂದಿಸುವುದು. ಸೋತ ಜಾಗದ ಸುತ್ತ ಪೆನ್ಸಿಲಿನಿಂದ ದಪ್ಪ ಚೌಕ ಬರೆದು, ಅದರೊಳಗೆ ಅರ ಹೋಗದಂತೆ ಕಾಗದದ ಪಟ್ಟಿ ಸುತ್ತಿ, ನಾಲ್ಕು ಸಂಜೆ ಅರದ ಬದಲು ಹೆರೆಯುವ ಉಕ್ಕಿನ ತಗಡಿನಿಂದ ಎಳೆದೆ. ತೆಳ್ಳನೆಯ ಸುರುಳಿ ಎದ್ದು ಬರುತ್ತಿತ್ತು, ಒಂದೊಂದೂ ಈರುಳ್ಳಿ ಸಿಪ್ಪೆಯಷ್ಟು. ಐದನೆಯ ಸಂಜೆ ಆ ಮೊಣಕೈ ಮಾಯವಾಗಿತ್ತು, ಅದರ ಜೊತೆಗೆ 4 ಪೌಂಡು ಬಿಗಿಯೂ ಹೋಗಿತ್ತು.

ಹೆದೆಯೇರಿಸುವುದನ್ನು ಎರಡು ಹಂತದಲ್ಲಿ ಮಾಡಿದೆ. ಮೊದಲು ಹಿಡಿಗೂ ಹೆದೆಗೂ 3 ಇಂಚು ಅಂತರ, ಅದರಲ್ಲಿ ಎರಡು ದಿನ ಬಾಗು ನೋಡಿದ ಮೇಲೆ 6 ಇಂಚು. ಮುಷ್ಟಿಯನ್ನು ಹಿಡಿಯ ಮೇಲಿಟ್ಟು ಹೆಬ್ಬೆರಳು ಚಾಚಿದರೆ ಹೆದೆಗೆ ತಾಗುವಷ್ಟು ದೂರ ಅದು. ತುದಿಯಿಂದ ಕಣ್ಣು ಹಾಯಿಸಿದಾಗ ಹೆದೆ ಹಿಡಿಯ ನಡುಗೆರೆಯ ಮೇಲೆಯೇ ಓಡುತ್ತಿತ್ತು. ಬೆರಳು ಹೆದೆಯನ್ನು ಹಿಡಿಯುವ ರೀತಿಯಿಂದಾಗಿ ಕೆಳಗಿನ ತೋಳಿಗೆ ಭಾರ ಹೆಚ್ಚು ಬೀಳುತ್ತದೆ, ಅದಕ್ಕೆ ಆ ತೋಳನ್ನು ಅರೆಕಾಲು ಇಂಚಿನಷ್ಟು ಬಿಗಿಯಾಗಿಯೇ ಉಳಿಸಿದೆ. 27 ಇಂಚಿನಲ್ಲಿ ತಕ್ಕಡಿ 36 ಪೌಂಡು ತೋರಿಸಿತು.

ಉಪ್ಪುಕಾಗದದಿಂದ ಉಜ್ಜಿ, ತೇವ ಒಳಹೋಗದಂತೆ ವಾರ್ನಿಷನ್ನು ತೆಳ್ಳಗೆ ನಾಲ್ಕು ಸಲ ಹಚ್ಚಿ, ಹಿಡಿಗೆ ಹತ್ತಿಯ ಹುರಿ ಸುತ್ತಿದೆ.

ಏಪ್ರಿಲ್ ಮೂರನೆಯ ವಾರ, ಇಲ್ಲಿಗೆ ಹತ್ತಿರದ ಬಿಲ್ಲುಗಾರರ ಮೈದಾನದಲ್ಲಿ 15 ಗಜ ದೂರದ ಹುಲ್ಲಿನ ಗುರಿಗೆ ಮೊದಲ ಬಾಣ ಬಿಟ್ಟೆ. ಬಾಣ ಸೀಡರ್ ಮರದ್ದು, ಬಿಲ್ಲಿನ ಎಳೆತದ ತೂಕಕ್ಕೆ ಹೊಂದುವ ಬಿಗಿಯದು. ಬಾಣವಿಲ್ಲದೆ ಹೆದೆ ಎಳೆದು ಬಿಡಬಾರದೆಂಬುದನ್ನು ಜೊತೆಗೆ ಬಂದ ಗೆಳೆಯರಿಗೆಲ್ಲ ಮೊದಲೇ ಹೇಳಿದ್ದೆ, ಏಕೆಂದರೆ ಬಾಣ ಒಯ್ಯಬೇಕಾದ ಶಕ್ತಿಯೆಲ್ಲ ಆಗ ತೋಳುಗಳಿಗೇ ತಿರುಗಿ ಬಡಿಯುತ್ತದೆ. ಮುರಿದ ಬಿಲ್ಲಿನ ನೆನಪಿನಿಂದ ಮೊದಲ ಹತ್ತು ಬಾಣಗಳವರೆಗೆ ನನ್ನ ಭುಜ ಬಿಗಿದುಕೊಂಡೇ ಇತ್ತು. ಆಮೇಲೆ ಹೆದೆಯ ದನಿಗೆ ಕಿವಿ ಒಗ್ಗಿತು: ಗಿಡ್ಡ, ಮಂದ್ರ, ಹಿಡಿಯಲ್ಲಿ ಹೆಚ್ಚು ನಡುಕವಿಲ್ಲ. ಹಳೆಯ ಕಾವ್ಯಗಳಲ್ಲಿ ಓದಿದ್ದ ಜೇವೊಡೆ (ಹೆದೆಯನ್ನು ಮಿಡಿದು ಸದ್ದು ಮಾಡು) ಎಂಬ ಮಾತಿನ ಅರ್ಥ ನನ್ನ ಕೈಗೆ ತಿಳಿದದ್ದು ಅಂದು.

200 ಬಾಣಗಳಾದ ಮೇಲೆ ಹೆದೆ ಇಳಿಸಿ, ಬಿಲ್ಲನ್ನು ಗೋಡೆಗೆ ಒರಗಿಸಿ ಅಳೆದೆ. ಮೊದಲು ಸಪಾಟಾಗಿದ್ದ ಮರದಲ್ಲಿ ಈಗ ಒಂದೂವರೆ ಇಂಚು ಬಾಗು ಉಳಿದಿದೆ. ಕೆಂಪು ಓಕ್‌ಗೆ ಇದು ಒಪ್ಪಬಹುದಾದಷ್ಟೇ, ವಾರದ ನಂತರವೂ ಅದು ಹೆಚ್ಚಿಲ್ಲ. ರೇಷ್ಮೆಯ ಮೇಲೆ ಬೆರಳಾಡಿಸಿ, ಬೆಳಕಿಗೆ ಓರೆಯಾಗಿ ಹಿಡಿದು ತುದಿಯಿಂದ ತುದಿಗೆ ನೋಡಿದೆ. ಎಲ್ಲಿಯೂ ಉಬ್ಬಿಲ್ಲ, ಬಿಳಿಚಿಲ್ಲ. ಮಗಳು ತನಗೂ ಒಂದು ಬೇಕೆಂದಿದ್ದಾಳೆ, 20 ಪೌಂಡಿನದು. ಅದಕ್ಕೆ ತಂದ ಹಲಗೆ ಅವಳ ಕಪಾಟಿನ ಮೇಲಿದೆ. ನಿನ್ನೆ ಸಂಜೆ 902 ಗ್ರಾಂ ಇತ್ತು.